ತುಕ್ಕು ಹಿಡಿಯಬೇಕಾದ ಕಬ್ಬಿಣ

೧೯೯೪ರಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟು ಶಹಾಪುರದಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿ ಸೇರಿದೆ. ಅಂದಿನಿಂದ ತುಕ್ಕೆಂದರೆ ನನಗೆ ವೈರಿ. ಸಂಜೆ ಅಂಗಡಿಯಲ್ಲಿರುವ ಕಬ್ಬಿಣಕ್ಕೆಲ್ಲ ಎಣ್ಣೆ ಸವರದೆ ಮನೆಗೆ ಹೋದವನಲ್ಲ. ನನ್ನ ಕೈಯಿಂದ ಹೋದ ಸಾಮಾನು ವಾಪಸು ಬಂದದ್ದಿಲ್ಲ.

ನಮ್ಮ ಊರು ಸುರಪುರದ ಕಡೆ. ಬೋರಿನ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿದೆಯೆಂದು ಸರಕಾರದವರು ಪಂಪಿಗೆ ಕೆಂಪು ಬಣ್ಣ ಬಳಿದು ಹೋದರು. ನಲ್ಲಿ ನೀರು ಬಂದರೆ ಬಂತು. ಬಾರದ ದಿನ ಆ ಕೆಂಪು ಪಂಪಿಗೇ ಕೊಡ ಹಿಡಿಯುತ್ತಿದ್ದೆವು. ಹೆಂಡತಿಯ ಅಂಗೈಯಲ್ಲಿ ಗಂಟುಗಳೆದ್ದು ಬಿರಿದವು. ರೊಟ್ಟಿ ಬಡಿಯುವಾಗ ಹಿಟ್ಟಿಗೆ ರಕ್ತ ಹತ್ತುತ್ತಿತ್ತು. ಯಾದಗಿರಿಯ ಡಾಕ್ಟರು ಮುಲಾಮು ಬರೆದು, "ಮೊದಲ ನೀರು ಬದಲ ಮಾಡ್ರಿ" ಅಂದರು. ಬದಲಿಗೆ ಯಾವ ನೀರು ತರಲಿ?

ಅಂಗಡಿಗೆ ಬರುತ್ತಿದ್ದ ಕಾಲೇಜಿನ ಮೇಷ್ಟ್ರೊಬ್ಬರು ದಾರಿ ತೋರಿಸಿದರು. ಲೇತಿನ ಕೆಳಗೆ ಬೀಳುವ ಕಬ್ಬಿಣದ ಸುರುಳಿ, ನಾವು ಗುಜರಿಗೆ ಹಾಕುವ ಕಸ. ಅದನ್ನು ಉಸುಕಿನ ನಡುವೆ ಹಾಸಿ ನೀರು ಸೋಸಬೇಕಂತೆ.

"ಅದು ತುಕ್ಕ ಹಿಡಿಬೇಕ್ರಿ. ಆ ತುಕ್ಕೇ ವಿಷ ಹಿಡಕೊಳ್ತದ," ಅಂದರು ಮೇಷ್ಟ್ರು.

ಸುರುಳಿಗಳ ಎಣ್ಣೆ ಸುಟ್ಟು, ಸೋಪಿನಲ್ಲಿ ತೊಳೆದು ಬಕೆಟ್ಟಿಗೆ ತುಂಬಿದೆ. ಅವು ಕೆಂಪಾದ ಮೇಲೆ ಮೇಷ್ಟ್ರು ಸೋಸಿದ ನೀರು ಪರೀಕ್ಷಿಸಿದರು. ವಿಷವಿದ್ದರೆ ಬಣ್ಣ ತಿರುಗುವ ಕಾಗದದ ಪಟ್ಟಿ ಬೆಳ್ಳಗೇ ಉಳಿಯಿತು. ಆಮೇಲೆ ಮನೆಯಲ್ಲಿ ಕುಡಿಯಲು, ಅಡುಗೆಗೆ ಅದೇ ನೀರು.

ಮುಂದಿನ ಪರೀಕ್ಷೆಯಲ್ಲಿ ಪಟ್ಟಿ ಕಂದು ಬಣ್ಣಕ್ಕೆ ತಿರುಗಿತು. ಬಕೆಟ್ ಬಿಚ್ಚಿ ನೋಡಿದರೆ ಸುರುಳಿಗಳು ಆಗಷ್ಟೇ ಲೇತಿನಿಂದ ಬಿದ್ದಂತೆ ಹೊಳೆಯುತ್ತಿದ್ದವು.

"ಸೋಮವಾರ ಕೊಡ ತಿಕ್ಕು ಮುಂದ ಅವನ್ನೂ ಹುಣಸಿಹಣ್ಣ ಹಚ್ಚಿ ತಿಕ್ಕೀನೋ," ಎಂದಳು ಅವ್ವ. "ತುಕ್ಕಿನ ನೀರು ಲಿಂಗಕ್ಕ ಹೆಂಗ ಹಾಕ್ಲಿ? ತುಕ್ಕ ಕಂಡ್ರ ಸಿಟ್ಟಾಗಾಂವ ನೀನೇ ಅಲ್ಲೇನು?"

ನನ್ನ ಹೆಂಡತಿ ಕೂಲಿಗೆ ಹೋದ ಹೊತ್ತಿನಲ್ಲಿ ಅವ್ವ ತಿಕ್ಕಿದ್ದಳು. ತುಕ್ಕಿನ ಕೆಲಸವೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಅತ್ತಿ ಅವಕ್ಕ ಎಣ್ಣಿ ಹಚ್ಚಿ ಹೆರಳ ಹಾಕಲಿಲ್ಲ, ಅದೇ ಪುಣ್ಯ," ಎಂದು ಹೆಂಡತಿ ನಕ್ಕಳು. ನಗುತ್ತಲೇ ಕೈಗಳನ್ನು ಸೆರಗಿನಡಿ ಸರಿಸಿಕೊಂಡಳು.

ಎಷ್ಟು ಸೋಮವಾರ ತಿಕ್ಕಿದೆ ಎಂದು ಅವ್ವನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಡಾಕ್ಟರು ಹೆಂಡತಿಯ ಅಂಗೈಯ ಒಂದು ಗಂಟಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಾರೆ. ನಲ್ಲಿ ಮತ್ತೆ ನಿಂತಿದೆ. ಬೆಳಿಗ್ಗೆ ಎದ್ದವನೇ ಮುಚ್ಚಳ ತೆಗೆದು ಸುರುಳಿಗಳ ಮೇಲೆ ನೀರು ಚಿಮುಕಿಸುತ್ತೇನೆ. ಹಿಡಿ, ಬೇಗ ಹಿಡಿ ಅನ್ನುತ್ತೇನೆ. ಈಗ ನನ್ನ ಹತ್ತಿರ ಇರುವುದು ಎರಡು ಬಕೆಟ್ಟು, ಅರ್ಧ ಚೀಲ ಉಸುಕು, ಒಂದು ಬುಟ್ಟಿ ಕಬ್ಬಿಣ. ಸಾಕಷ್ಟು ತುಕ್ಕು ಇನ್ನೂ ಹಿಡಿದಿಲ್ಲ.