ಟೈರಿನ ನೀರಿನ ರುಚಿ

ಟ್ರ್ಯಾಕ್ಟರಿನ ದೊಡ್ಡ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ವಾಲ್ವಿನ ಪಿನ್ನನ್ನು ಉಗುರಿನಿಂದ ಒತ್ತಿ, ಚಿಮ್ಮಿದ ನೀರನ್ನು ಬೆರಳ ತುದಿಯಲ್ಲಿ ಹಿಡಿದು ನಾಲಗೆಗೆ ಹಚ್ಚಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿ, ಆಮೇಲೆ ಥೂ ಎಂದು ಉಗುಳುತ್ತಿದ್ದರು. ಅಷ್ಟರಲ್ಲಿ ಬಿಳಿ ಮೀಸೆಯ ಒಂದು ಮೂಲೆ ಕಪ್ಪಾಗಿರುತ್ತಿತ್ತು. ಹೊಳೆನರಸೀಪುರದ ನಮ್ಮ ಟೈರಂಗಡಿಯಣ್ಣನನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಆ ನಾಲಗೆ.

"ಟೈರು ಕುಡ್ಯೋ ನೀರ್ನ ಮೊದ್ಲು ನಾನು ಕುಡೀಬೇಕು ಸಾ" ಎನ್ನುವುದು ಅವರ ಮಾತು. ಚಕ್ರ ಜಾರದಿರಲಿ ಎಂದು ಭಾರಕ್ಕೆ ಹಿಂದಿನ ಟೈರಿಗೆ ನೀರು ತುಂಬಿಸಲು ಯಾರೇ ಬಂದರೂ ಸುಮ್ಮನೆ ಪೈಪು ಹಚ್ಚುವವರಲ್ಲ. ಗದ್ದೆಯ ಕೆಸರಿಗೋ, ದಿಬ್ಬ ಹತ್ತಿ ಲೋಡು ಎಳೆಯುವುದಕ್ಕೋ, ಓಡಿಸುವವರು ಯಾರು, ಎಲ್ಲಿಯ ನೀರು, ಎಲ್ಲವನ್ನೂ ಹೆಣ್ಣು ನೋಡಲು ಬಂದವರಂತೆ ವಿಚಾರಿಸುತ್ತಿದ್ದರು. ಕೆಸರಿಗೆ ಎಂದರೆ "ಬ್ಯಾಡ, ಭಾರಕ್ಕೆ ಊತ್ಕಂತದೆ" ಎಂದು ವಾಪಸ್ಸು ಕಳಿಸುತ್ತಿದ್ದರು. ಬೋರಿನ ಗಡಸು ನೀರು ಅವರಿಗೆ ಆಗದು. ಹೊಳೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಮುಕ್ಕಾಲು ತುಂಬಿಸಿ, ಮಿಕ್ಕಿದ್ದಕ್ಕೆ ಗಾಳಿ ಹಿಡಿಯುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸುವವಳು ನನ್ನ ಹೆಂಡತಿ. ಯಾರಿಂದಲೋ ಕೊಂಡ ಹಳೆಯ ಗಾಡಿ ಅದು. ತೋಟದಿಂದ ತೆಂಗಿನಕಾಯಿ ಹೇರಿಕೊಂಡು ದಿಬ್ಬ ಹತ್ತುವಾಗ ಚಕ್ರ ನಿಂತಲ್ಲೇ ಸುತ್ತುತ್ತಿತ್ತು. ಉಪ್ಪುನೀರು ಬರೀ ನೀರಿಗಿಂತ ಭಾರ ಎಂದು ವರ್ಷವರ್ಷವೂ ಮೊಟ್ಟೆ ತೇಲಿಸಿ ಪಾಠ ಮಾಡುವ ನನಗೆ ಯಾರನ್ನಾದರೂ ಕೇಳುವ ದರ್ದೇನು? ಅವಳು ತವರಿಗೆಂದು ಅರಕಲಗೂಡಿಗೆ ಹೋದ ವಾರ, ತೆಂಗಿನ ಬುಡಕ್ಕೆ ಹಾಕಲು ತಂದಿಟ್ಟಿದ್ದ ಉಪ್ಪಿನ ಮೂಟೆಯನ್ನು ಡ್ರಮ್ಮಿಗೆ ಸುರಿದು ಕಲಸಿ, ಎರಡೂ ಟೈರಿಗೆ ನಾನೇ ತುಂಬಿಸಿದೆ. ಚಕ್ರ ನೆಲ ಕಚ್ಚಿಕೊಂಡು ಓಡಿತು. ನೀರು ತುಂಬಿಸಿದ್ದೇನೆ ಎಂದಷ್ಟೇ ಅವಳಿಗೆ ಹೇಳಿ, ಒಳಗೊಳಗೇ ಬೀಗಿದೆ.

ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ಕಾಯಿ ತುಂಬಿಕೊಂಡು ಇಬ್ಬರೂ ಚನ್ನರಾಯಪಟ್ಟಣದ ಮಂಡಿಗೆ ಹೊರಟಿದ್ದೆವು. ಎಡಗಡೆಯ ಟೈರಿನಲ್ಲಿ ಗಾಳಿ ಕಮ್ಮಿ ಅನ್ನಿಸಿ ಅಂಗಡಿ ಮುಂದೆ ನಿಲ್ಲಿಸಿದಳು. ಅಣ್ಣ ಕೂತರು, ಪಿನ್ನು ಒತ್ತಿದರು, ನೆಕ್ಕಿದರು. ಈ ಸಲ ಚಪ್ಪರಿಸಲಿಲ್ಲ, ನನ್ನ ಮುಖ ನೋಡಿದರು. ನಾನು ಅಂಗಡಿಯ ಬೋರ್ಡು ಓದುತ್ತ ನಿಂತೆ.

"ಈ ಗಾಡಿ ಓಗಂಗಿಲ್ಲ" ಎಂದವರೇ ಪಿನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡುಬಿಟ್ಟರು. ನೀರು ಬುಸ್ಸೆಂದು ರಸ್ತೆಗೆ ಹರಿಯಿತು.

ನನಗೆ ಪಿತ್ತ ನೆತ್ತಿಗೇರಿತು. "ಮಂಡಿ ಮುಚ್ಚೋಗುತ್ತೆ! ಗಾಳಿ ಹಿಡೀರಿ ಅಂದ್ರೆ ಇದೇನ್ರೀ ಮಾಡಿದ್ದು? ಓದುಬರಹ ಇಲ್ದೋರ ಕೈಗೆ ಗಾಡಿ ಕೊಟ್ರೆ ಹಿಂಗೇ!"

"ಓದಕ್ಕೆ ಬರಕಿಲ್ಲ ಅಂತ್ಲೇ ನೆಕ್ಕಿ ನೋಡೋದು ಮೇಷ್ಟ್ರೇ" ಎಂದು ಅಣ್ಣ ಜ್ಯಾಕು ತರಲು ಒಳಗೆ ಹೋದರು.

ಟೈರು ಕಳಚಿದಾಗ ಎಲ್ಲ ತಿಳಿಯಿತು. ವಾಲ್ವಿನ ಬುಡದಲ್ಲಿ ಜಿನುಗಿದ ಉಪ್ಪುನೀರು ಕಬ್ಬಿಣದ ರಿಮ್ಮನ್ನು ತಿಂದುಹಾಕಿತ್ತು. "ಉಪ್ಪು ತಿಂದದೆ ಕಣವ್ವ" ಎಂದು ಅಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಂಗೈಯಗಲದ ತುಂಡು ಹಪ್ಪಳದ ಹಾಗೆ ಮುರಿದು ಬಿತ್ತು. ಅಲ್ಲಿಂದ ಗೇಣುದ್ದದ ಬಿರುಕು ಓಡಿತ್ತು. ಇನ್ನರ್ಧ ಗಂಟೆಯಲ್ಲಿ ಅವಳು ಆ ಲೋಡಿನೊಂದಿಗೆ ಕೆರೆ ಏರಿಯ ಮೇಲಿರುತ್ತಿದ್ದಳು. ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕುಸಿದು ಕೂತು ಅವಳನ್ನೇ ನೋಡಿದೆ. ಸೆರಗು ಸಿಕ್ಕಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಗಟ್ಟಿಮುಟ್ಟಾಗಿ ನಿಂತಿದ್ದಳು. ಸದ್ಯ, ಬದುಕಿದೆ ಅಂದುಕೊಂಡೆ.

"ಇದ್ಕೆ ಉಪ್ಪು ಹಾಕ್ದೋರು ಯಾರಣ್ಣ?" ಎಂದು ಅವಳು ಕೇಳಿದಳು.

ಅಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಹಳೇ ಓನರ್ ಇರ್ಬೇಕು ಕಣವ್ವ. ಮೇಷ್ಟ್ರು ಪಾಪ, ಗೊತ್ತಿಲ್ದೆ ಅದ್ರ ಮ್ಯಾಲೆ ನೀರು ಬುಟ್ಟವ್ರೆ."

ನಾಲ್ಕು ಜನರ ಮುಂದೆ ಅವರನ್ನು ಹೀಯಾಳಿಸಿ ಇನ್ನೂ ಒಂದು ಗಂಟೆ ಕಳೆದಿರಲಿಲ್ಲ.

ಕಳೆದ ವರ್ಷ ಅಣ್ಣ ತೀರಿಕೊಂಡರು. ಕೊನೆಯ ಸಲ ಮುಖ ನೋಡಿ ಬಂದ ದಿನ ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಉಪ್ಪು ಹಾಕಿದ್ದು ನಾನೇ ಎಂದು ಹೆಂಡತಿಗೆ ಹೇಳಿಬಿಟ್ಟೆ.

"ಗೊತ್ತು ಬುಡಿ" ಎಂದಳು. "ತೆಂಗಿನ ಬುಡುಕ್ಕೆ ಮಡಗಿದ್ದ ಮೂಟೆ ಖಾಲಿಯಾಗಿದ್ದು ನಂಗೆ ಕಾಣಕಿಲ್ವಾ? ಅವತ್ತು ಅಂಗ್ಡಿ ತಾವ ನೀವು ಅತ್ಲಾಗೆ ಟೀ ತರಕ್ಕೆ ಓದಾಗ ಅಣ್ಣನ್ನ ಕೇಳ್ದೆ. 'ನಿಂಗೊತ್ತು ಅಂತ ಮೇಷ್ಟ್ರಿಗೆ ಏಳ್ಬ್ಯಾಡ ಕಣವ್ವ, ಆಗ್ಲೇ ಎದ್ರಿ ಬೆವ್ತೋಗವ್ರೆ' ಅಂದ್ರು."

ಇಬ್ಬರ ಗುಟ್ಟನ್ನೂ ಜೇಬಿನಲ್ಲಿಟ್ಟುಕೊಂಡೇ ಹೋದರಲ್ಲ ಎಂದು ನಗುವೂ ಅಳುವೂ ಒಟ್ಟಿಗೇ ಬಂದವು. ಎದೆ ಹಗುರಾಯಿತು.

ಮೊನ್ನೆ ಹೊಸ ಟೈರಿಗೆ ಹೊಳೆ ನೀರು ತುಂಬಿಸುವ ಮೊದಲು ಅವಳು ಬಿಂದಿಗೆಗೆ ಬೆರಳದ್ದಿ ನಾಲಗೆಗೆ ಹಚ್ಚಿಕೊಂಡಳು. ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿ, "ಸಪ್ಪೆ" ಎಂದಳು. ನಾನೂ ಬೆರಳದ್ದಿ ನೆಕ್ಕಿ ನೋಡಿದೆ.