ಎಲ್ಲ ಊರಿನ ಅಂಗಿ ತೊಟ್ಟ ಹಮ್ಮ ಗೌಡ

ಕರ್ಕಿ ಹತ್ತಿರದ ಕೊಪ್ಪದ ಹಮ್ಮ ಗೌಡನಿಗೆ ಆಟವೇ ಕಸುಬು, ಅದೂ ಎರಡೆರಡು. ಮಳೆ ಹಿಡಿದರೆ ಮುರ್ಡೇಶ್ವರದ ತಂಡಕ್ಕೆ ಫುಟ್‌ಬಾಲ್. ಭತ್ತ ಕೊಯ್ದು ಗದ್ದೆ ಒಣಗಿತೋ, ಕರೆದ ಊರಿಗೆ ಕ್ರಿಕೆಟ್. ದುಡ್ಡು ಕೊಟ್ಟವರ ಅಂಗಿ ತೊಟ್ಟು ಆಡುತ್ತಿದ್ದ. ತಪ್ಪೇನು ಹೇಳಿ? ಕೂಲಿಗೂ ಕರೆದಲ್ಲಿಗೇ ಹೋಗುವುದಲ್ಲವೇ? ಆದರೆ ಒಂದು ವರ್ಷ ಮಾವಿನಕುರ್ವೆಯ ಅಂಗಿ ತೊಟ್ಟು, ಫೈನಲ್‌ನಲ್ಲಿ ತನ್ನ ಕೊಪ್ಪವನ್ನೇ ಸೋಲಿಸಿಬಿಟ್ಟ. ಅಂದಿನಿಂದ ಊರವರು ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಅವನ ಅವ್ವೆ ಸುಕ್ರಿ ಹೊನ್ನಾವರ ಪೇಟೆಯಲ್ಲಿ ಬಸಳೆ, ಹರಿವೆ ಮಾರುತ್ತಿದ್ದವಳು. ಮಗನ ಆಟದ ಸುದ್ದಿ ಗಿರಾಕಿಗಳ ಬಾಯಲ್ಲಿ ಕೇಳಿದ್ದೇ ಹೊರತು ಒಮ್ಮೆಯೂ ನೋಡಿದವಳಲ್ಲ. ಈಗ ಕಣ್ಣು ಮಂಜಾಗಿ, ಆಳು ಬರೀ ನೆರಳಿನಂತೆ ಕಾಣುತ್ತಿತ್ತು.

"ಇಷ್ಟು ಕಣ್ಣೂ ಹೋಗೂಕೆ ಮುಂಚೆ ನೀ ನಮ್ಮೂರಿಗೆ ಆಡೂದ ಒಂದ್ಸಲ ನೋಡ್ಬೇಕು ಮಗಾ" ಎಂದಳು.

ಹಮ್ಮನ ಬಲಮಂಡಿಯೂ ಫುಟ್‌ಬಾಲಿನಲ್ಲಿ ಕೆಟ್ಟುಹೋಗಿತ್ತು. ಇನ್ನೊಂದು ಆಟ ಆಡಿದರೆ ಹೆಚ್ಚು. ನಾಚಿಕೆ ಬಿಟ್ಟು ಕೊಪ್ಪದ ಕ್ಯಾಪ್ಟನ್ ದುರ್ಗನನ್ನು ಕೇಳಿದ.

"ಈಗ ನೆನಪಾತಾ ಊರು?" ಎಂದ ದುರ್ಗ. "ಈ ಸಲ ಆಯಾ ಊರವ್ರೇ ಆಡ್ಬೇಕು ಅಂತ ರೂಲ್ಸು. ನಿನ್ನ ಯಾವ ಊರವ ಅನ್ನೂದು? ಬೇಕಾರೆ ಅಂಪೈರ್ ನಿಲ್ಲು. ನೀ ಯಾರಿಗೂ ಸೇರ್ದವ ಅಲ್ಲ, ಆ ಕಡೆಯವ್ರೂ ತಕರಾರು ಮಾಡೂದಿಲ್ಲ."

ಎದೆಗೆ ಒದ್ದಂತಾಯಿತು. ಆದರೂ ಒಪ್ಪಿಕೊಂಡ. ಅವ್ವೆಗೆ ಮಾತ್ರ ಹೇಳಲಿಲ್ಲ. ಆಟದ ದಿನ ಗದ್ದೆ ಅಂಚಿನಲ್ಲಿ ಚಾಪೆ ಹಾಸಿ ಕೂರಿಸಿ, "ಬಿಳಿ ಅಂಗಿಯವ ನಾನು, ನೋಡ್ತಾ ಇರು" ಎಂದ.

ಕೊನೆಯ ಚೆಂಡು. ಕೊಪ್ಪ ಗೆಲ್ಲಲು ಎರಡು ರನ್ ಬೇಕು; ಸಮವಾದರೆ ಕಡಿಮೆ ವಿಕೆಟ್ ಕಳೆದುಕೊಂಡ ಎದುರಿನವರಿಗೇ ಗೆಲುವು. ಬ್ಯಾಟು ಹಿಡಿದಿದ್ದ ಕೊಪ್ಪದ ದಾಸ ಹೊಡೆದು ಓಡಿದ. ಎರಡನೇ ರನ್ನಿಗೆ ಬ್ಯಾಟು ಗೆರೆ ಮುಟ್ಟುವ ಮೊದಲೇ ಸ್ಟಂಪ್ ಹಾರಿತು. ಕೂದಲೆಳೆಯ ಅಂತರ, ಕಂಡಿದ್ದು ಹಮ್ಮನೊಬ್ಬನಿಗೇ. ಸುಮ್ಮನಿದ್ದಿದ್ದರೆ ಅವತ್ತು ಊರು ಅವನನ್ನು ಹೆಗಲ ಮೇಲೆ ಹೊರುತ್ತಿತ್ತು. ಹಾಳಾದ ಕೈ! ಆಟದಲ್ಲಿ ಸುಳ್ಳಾಡಿ ಅದಕ್ಕೆ ಗೊತ್ತಿರಲಿಲ್ಲ. ಔಟೆಂದು ಎದ್ದೇಬಿಟ್ಟಿತು.

ಗದ್ದೆ ತುಂಬ ಬೊಬ್ಬೆ. ಗೆದ್ದವರು ಕುಣಿದರು. "ದುಡ್ಡು ತಿಂದು ಮತ್ತೆ ಊರು ಮಾರ್ದೆ!" ಎಂದು ದುರ್ಗ ಅವನ ಕಾಲ ಬುಡಕ್ಕೇ ಉಗಿದ.

ಅತ್ತ ಚಾಪೆಯ ಮೇಲೆ ಸುಕ್ರಿ ಚಪ್ಪಾಳೆ ತಟ್ಟುತ್ತಿದ್ದಳು. ಹಮ್ಮ ಹತ್ತಿರ ಬಂದದ್ದೇ ಅವನ ಮುಖ ಸವರಿದಳು. "ಎಲ್ರೂ ನಿನ್ನೇ ನೋಡ್ತಿದ್ರು ಮಗಾ! ನೀ ಕೈ ಎತ್ತಿದ್ದೇ ಎಂತಾ ಕೂಗು! ನಮ್ಮೂರು ಗೆದ್ತಾ?"

"ಗೆದ್ತು ಅವ್ವೆ."

"ನೀನೇ ಗೆಲ್ಸಿದ್ದಲ್ದಾ?"

"ಹೌದು ಅವ್ವೆ, ನಾನೇ."

ಕೊಪ್ಪದವರು ಯಾರಾದರೂ ಎದುರಾಗಿ ನಿಜ ಹೇಳಿಬಿಟ್ಟಾರೆಂದು, ಕುಂಟುತ್ತ, ಅವಳ ಕೈ ಹಿಡಿದು ಸುತ್ತುದಾರಿಯಲ್ಲಿ ಮನೆಗೆ ಕರೆದೊಯ್ದ.