ಕೆಂಟೆ ಹೊದ್ದ ಮುದುಕನಿಗೆ ಎಡಗೈ

ಕುಮಾಸಿ ಊರಿನ ಸುವಾಮೆಯ ಗ್ಯಾರೇಜು ಸಾಲಿನಲ್ಲಿ ತಿವಾಳ ಬೈಗುಳ ತಿನ್ನದೆ ಅವಳ ವಾಚೆ ತಿಂದವರು ಯಾರೂ ಇಲ್ಲ. ಅಲಸಂದೆ ಕಾಳು ಹಾಕಿ, ಜೋಳದ ಗರಿಯ ಕೆಂಪು ಇಳಿಸಿ ಬೇಯಿಸಿದ ಅನ್ನ ಅದು. ಅಗಲ ಎಲೆಯ ಮೇಲೆ ಒಂದು ಸೌಟು ಅನ್ನ, ಮೇಲೆ ಕಪ್ಪು ಮೆಣಸಿನ ಗೊಜ್ಜು, ಪಕ್ಕದಲ್ಲಿ ಬೇಯಿಸಿದ ಮೊಟ್ಟೆ, ಕೊನೆಗೆ ಬೈಗುಳ. "ನಿನ್ನೆ ಎಲ್ಲಿ ಹಾಳಾಗಿ ಹೋಗಿದ್ದೆ? ಇನ್ನೊಬ್ಬಳ ಕೈ ರುಚಿ ಹತ್ತಿತಾ?" ಲಾರಿ ಎಂಜಿನ್ನನ್ನು ಹೊಟ್ಟೆ ಬಗೆದು ಹರಡುವ ಗಟ್ಟಿ ಗಂಡಸರು ತಲೆ ತಗ್ಗಿಸಿ ಎಲೆ ಹಿಡಿದುಕೊಂಡು ಹೋಗುತ್ತಿದ್ದರು. ಈ ಕತೆ ಹೇಳುವವನೂ ಆ ಸಾಲಿನಲ್ಲಿ ತಲೆ ತಗ್ಗಿಸಿದವನೇ. ತಲೆ ಎತ್ತಿ ಮಾತಾಡಿದವರು ಹಸಿದುಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದ.

ಒಂದು ಬೆಳಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಅವಳ ಬಲಗೈ ಅವಳ ಮಾತು ಕೇಳುವುದನ್ನು ಬಿಟ್ಟಿತು. ಲಕ್ವ. ಬಾಯಿಯೂ ಸೊಟ್ಟಗಾಯಿತು. ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಮೊದಲು ನೆಟ್ಟಗಾದದ್ದು ಬಾಯಿಯೇ, ಅದರ ಫಲವನ್ನು ಮೊದಲು ಉಂಡವಳು ನರ್ಸಮ್ಮ. ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಭುಜವೂ ಅಷ್ಟಿಷ್ಟು ಏಳತೊಡಗಿತು. ಬೆರಳುಗಳು ಮಾತ್ರ ಮುಷ್ಟಿ ಕಟ್ಟಿ ಕೂತವು. ಎಳೆದು ಬಿಚ್ಚಿದರೆ ಮತ್ತೆ ಮುದುಡುತ್ತಿದ್ದವು. ಸಿಟ್ಟು ಬಂದರೆ ಇನ್ನಷ್ಟು ಬಿಗಿಯುತ್ತಿದ್ದವು. ಸಿಟ್ಟು ಬರದ ಹೊತ್ತು ಅಂತ ಅವಳಿಗೆ ಇರಲಿಲ್ಲವಾದ್ದರಿಂದ ಮುಷ್ಟಿಗೂ ಬಿಡುವಿರಲಿಲ್ಲ.

ಅಂಗಡಿಯನ್ನು ಮಗಳು ದುಫಿಯೆ ನೋಡಿಕೊಂಡಳು. ಒಳ್ಳೆಯ ಹುಡುಗಿ, ಮೆತ್ತಗಿನ ಮಾತು. ಬಡಿಸಿದ ಮೇಲೆ "ಚೆನ್ನಾಗಿ ಊಟ ಮಾಡಿ ಅಣ್ಣಾ" ಅನ್ನುತ್ತಿದ್ದಳು. ಗಿರಾಕಿಗಳಿಗೆ ಏನೋ ಸಪ್ಪೆ ಅನ್ನಿಸುತ್ತಿತ್ತು. ಗೊಜ್ಜಿಗೆ ಉಪ್ಪು ಕಮ್ಮಿ ಅಂದುಕೊಂಡರು.

ಹಿಂದೆ ಮಣೆ ಹಾಕಿಕೊಂಡು ಕೂತು ನೋಡುವುದು ತಿವಾಳಿಗೆ ಆಗಲಿಲ್ಲ. ಒಂದು ದಿನ ದುಫಿಯೆ ನೀರು ತರಲು ಹೋದಾಗ ಎದ್ದು ಬಂದು ಎಡಗೈಯಲ್ಲಿ ಸೌಟು ಹಿಡಿದಳು. ಸಾಲಿನ ಮುಂದೆ ನಿಂತಿದ್ದವರು ಪ್ರೆಕೊ ಅಜ್ಜ, ಅಲ್ಲಿನವರ ಬಾಯಲ್ಲಿ ನಾನಾ ಪ್ರೆಕೊ. ಹಳೇ ಲಾರಿಗಳ ಗೇರುಪೆಟ್ಟಿಗೆ ಬಿಚ್ಚುವ ಹಿರಿಯರು, ಅವಳ ಮೊದಲ ದಿನದ ಗಿರಾಕಿ. ಸೌಟು ಹತ್ತಿರ ಬರುತ್ತಿದ್ದಂತೆ ಅವರ ಎಲೆ ತಾನಾಗಿಯೇ ಎದೆಯ ಕಡೆಗೆ ಸರಿಯಿತು.

"ಯಾಕೋ ಇವತ್ತು ಹೊಟ್ಟೆ ಸರಿಯಿಲ್ಲ ತಿವಾ" ಅಂದರು ಮೆಲ್ಲಗೆ. "ನೀನು ಬೇಜಾರು ಮಾಡ್ಕೋಬೇಡ. ನಿನ್ನ ಕೈ ಪಾಪ ಏನು ಮಾಡುತ್ತೆ."

ಹಿಂದಿನವರು "ಪರವಾಗಿಲ್ಲ ಮಾಮೆ, ಕಾಯಿಲೆ ಅಲ್ವಾ" ಅಂದರು. ಅಂದರೇ ವಿನಾ ಎಲೆಯನ್ನು ಯಾರೂ ಮುಂದೆ ಹಿಡಿಯಲಿಲ್ಲ. ಅವಳು ಸೌಟನ್ನು ಪಾತ್ರೆಗೆ ಎಸೆದಳು. ಬೈಯಲು ಬಾಯಿ ತೆರೆದಳು. ತನ್ನದೇ ಅಂಗಡಿಯಲ್ಲಿ ಬೇರೆ ಯಾರಾದರೂ ಎಡಗೈಯಲ್ಲಿ ಬಡಿಸಿದ್ದರೆ ತಾನೇ ಆ ಕೈ ಮುರಿಯುತ್ತಿದ್ದೆ ಎಂಬುದು ನೆನಪಾಗಿ ಬಾಯಿ ಮುಚ್ಚಿತು. ನಾನಾ ಪ್ರೆಕೊ ಅವರಿಗೆ ಇದೇ ಬಲಗೈಯಲ್ಲಿ ಬಡಿಸಬೇಕು. ಅಂದಿನಿಂದ ಅವಳಿಗೆ ಬೇರೆ ಗುರಿ ಇರಲಿಲ್ಲ.

ಗವಸು ಬಂದದ್ದು ಆಗ. ಹೊರದೇಶದವರು ದುಡ್ಡು ಹಾಕಿದ ಯಾವುದೋ ಕಾರ್ಯಕ್ರಮ. ತಂದುಕೊಟ್ಟವನು ಬೊಬಿಯೆ ಎಂಬ ವ್ಯಾಯಾಮದ ಡಾಕ್ಟರು, ಕುಮಾಸಿಯವನೇ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಚುರುಕು ಹುಡುಗ. ಗವಸಿನ ಬೆನ್ನ ಮೇಲೆ ತಂತಿಗಳು, ಮಣಿಕಟ್ಟಿನಲ್ಲಿ ಪುಟ್ಟ ಮೋಟಾರು. ಅದು ಗುಂಯ್‌ ಎಂದು ಎಳೆದರೆ ಮುದುಡಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಮೊದಲ ಸಲ ಬೊಬಿಯೆ ತಾನೇ ಗುಂಡಿ ಒತ್ತಿ ತೋರಿಸಿದಾಗ ತಿವಾ ತನ್ನ ಅಂಗೈಯನ್ನು ಎಷ್ಟೋ ದಿನದ ಮೇಲೆ ಊರಿನಿಂದ ಬಂದ ನೆಂಟರನ್ನು ನೋಡುವಂತೆ ನೋಡಿದಳು.

"ಇನ್ನು ಮೇಲೆ ಇದನ್ನು ನಡೆಸೋದು ಟ್ಯಾಬು, ಮಾಮೆ. ಅದು ಹೇಳಿದ ಹಾಗೆ ಮೊದಲು ನಿಮ್ಮ ಒಳ್ಳೆ ಕೈಯಲ್ಲಿ ಮಾಡಿ ತೋರಿಸಬೇಕು. ಅದು ನೋಡಿ ಸರಿ ಅಂದ್ರೆ ಗವಸು ಬಲಗೈಯಲ್ಲೂ ಹಾಗೇ ಮಾಡಿಸುತ್ತೆ. ಮೆದುಳು ನೋಡಿ ಕಲಿಯುತ್ತೆ."

"ನನ್ನ ಮೆದುಳಿಗೆ ಕಲಿಸೋಕೆ ಹಲಗೆ ತಂದಿದೀಯಾ?"

ಹಲಗೆ ಬೆಳಗಿತು. ಅದರೊಳಗೆ ಒಬ್ಬ ಮುದುಕ ಕಾಣಿಸಿಕೊಂಡ. ನರೆತ ಕೂದಲು, ಕನ್ನಡಕ, ಎಡ ಭುಜದ ಮೇಲೆ ಎಳೆದು ಹೊದ್ದ ಬಂಗಾರ ಬಣ್ಣದ ಕೆಂಟೆ, ದೊಡ್ಡವರು ಹೊದೆಯುವ ನೇಯ್ಗೆಯ ಬಟ್ಟೆ. ಯಾವುದೋ ಅರಮನೆಯ ಹಿರಿಯನ ಹಾಗೆ ಗಂಭೀರವಾಗಿ ಕೂತು, ಅವಳದೇ ಭಾಷೆಯಾದ ಶುದ್ಧ ಟ್ವಿ ಮಾತಿನಲ್ಲಿ ಹೇಳಿದ: "ಮಗಳೇ, ನನ್ನನ್ನು ನೋಡುತ್ತಾ ನಿನ್ನ ಎಡಗೈಯನ್ನು ನನ್ನ ಮುಖದ ಕಡೆಗೆ ಎತ್ತು. ಬೆರಳು ಬಿಡಿಸು."

ತಿವಾ ದಂಗಾದಳು. ಇದು ಬರೀ ಚಿತ್ರ ಎಂದು ಅವಳಿಗೆ ಗೊತ್ತಿತ್ತು. ಆದರೆ ಕೈಗೆ ಗೊತ್ತಿರಲಿಲ್ಲ. ಕೆಂಟೆ ಹೊದ್ದ ಮುದುಕನ ಮುಖಕ್ಕೆ ಎಡಗೈ ಎತ್ತಿ ಬೆರಳು ಬಿಡಿಸುವುದೆಂದರೆ ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು. ಅವಳ ಅಮ್ಮ ಬದುಕಿದ್ದರೆ ಆ ಕೈಗೆ ಮೆಣಸು ಅರೆದು ಹಚ್ಚುತ್ತಿದ್ದಳು. ಅವಳು ತಲೆ ಬಾಗಿಸಿದಳು. "ಸೆಬೆ, ನಾನಾ" ಎಂದು ಕ್ಷಮೆ ಕೇಳಿದಳು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಎಡಗೈಯನ್ನು ಮೊಣಕಾಲ ಹತ್ತಿರ ಅಷ್ಟೇ ಅಷ್ಟು ಎತ್ತಿದಳು. ಅಷ್ಟರಲ್ಲಿ ಹೊತ್ತು ಮೀರಿತ್ತು, ಕೈ ಕ್ಯಾಮೆರಾಗೆ ಕಾಣಲೂ ಇಲ್ಲ.

"ಮತ್ತೊಮ್ಮೆ ಪ್ರಯತ್ನಿಸು ಮಗಳೇ" ಅಂದ ಮುದುಕ.

ಅವಳು ಮತ್ತೆ ಸೆಬೆ ಹೇಳಿದಳು. ಅವನು ಮತ್ತೆ ಪ್ರಯತ್ನಿಸು ಅಂದ. ದಿನಾ ಇದೇ. ಗವಸು ಬಾಯಿ ಮುಚ್ಚಿಕೊಂಡು ಬಲಗೈಯ ಮೇಲೆ ಸುಮ್ಮನೆ ಮಲಗಿರುತ್ತಿತ್ತು. ಮುದುಕ ಕರುಣೆಯ ದನಿಯಲ್ಲಿ ಮಾತಾಡಿದಷ್ಟೂ ತಿವಾಳಿಗೆ ಉರಿ ಏರುತ್ತಿತ್ತು, ಉರಿ ಏರಿದಷ್ಟೂ ಮುಷ್ಟಿ ಬಿಗಿಯುತ್ತಿತ್ತು. "ದೊಡ್ಡ ಮನುಷ್ಯನ ಹಾಗೆ ಉಟ್ಟುಕೊಂಡು ಹೆಂಗಸರ ಹತ್ರ ಇದನ್ನೇ ಕೇಳ್ತೀಯಲ್ಲ, ನಿನಗೆ ಮನೇಲಿ ಯಾರೂ ಇಲ್ವಾ?" ಎಂದು ಅವನನ್ನು ಬೈಯುವಳು. ಬೈದ ಮೇಲೂ ಕೊನೆಯಲ್ಲಿ "ಸೆಬೆ" ಸೇರಿಸುವಳು.

ಒಂದು ಮಧ್ಯಾಹ್ನ, ಅಂಗಡಿಯ ಮುಂದೆ ಸಾಲು ಬೆಳೆದಿದ್ದಾಗ, ಬೊಬಿಯೆ ಖಾಲಿ ಪೆಟ್ಟಿಗೆ ಹಿಡಿದುಕೊಂಡು ಬಂದ. ಮುಖ ಸಣ್ಣದು ಮಾಡಿಕೊಂಡಿದ್ದ.

"ಮಾಮೆ, ಗವಸು ವಾಪಸ್ ಕೊಡಬೇಕಂತೆ."

"ಯಾಕಂತೆ?"

"ಟ್ಯಾಬು ಕಳಿಸಿದ್ದನ್ನು ಮೇಲಿನವರು ನೋಡಿದಾರೆ." ಅವನು ದನಿ ತಗ್ಗಿಸಿದ. "ಹೇಳಿದ್ದು ನಿಮಗೆ ಅರ್ಥ ಆಗ್ತಿಲ್ಲ ಅಂತ ಬಂದಿದೆ. ಮೆದುಳಿಗೆ ಪೆಟ್ಟು ಜಾಸ್ತಿ, ಗವಸಿನಿಂದ ಪ್ರಯೋಜನ ಇಲ್ಲ, ಬೇರೆಯವರಿಗೆ ಕೊಡಿ ಅಂದಿದಾರೆ."

ಸಾಲು ಇತ್ತ ತಿರುಗಿತು. ದುಫಿಯೆಯ ಸೌಟು ಗಾಳಿಯಲ್ಲೇ ನಿಂತಿತು.

"ಯಾರಿಗೆ ಅರ್ಥ ಆಗಲ್ಲ?" ತಿವಾ ಎದ್ದಳು. "ಇಲ್ಲಿ ನಿಂತಿರೋ ಒಬ್ಬೊಬ್ಬನೂ ಯಾವಾಗ ಬಂದ, ಮೊಟ್ಟೆ ತಗೊಂಡ್ನೋ ಬಿಟ್ನೋ, ಯಾರ ಹೆಂಡತಿ ಯಾಕೆ ತವರಿಗೆ ಹೋದ್ಳು, ಹೇಳ್ಲಾ? ಅರ್ಥ ಆಗಲ್ವಂತೆ!"

"ಬೇಡ ಮಾಮೆ, ಹೇಳಬೇಡಿ!" ಸಾಲಿನಿಂದ ಒಬ್ಬ ಗಾಬರಿಯಲ್ಲಿ ಕೂಗಿದ.

"ನಾನಲ್ಲ ಮಾಮೆ ಹೇಳಿದ್ದು, ಯಂತ್ರ" ಅಂದ ಬೊಬಿಯೆ. ಪೆಟ್ಟಿಗೆಯನ್ನು ಎಡ ಕಂಕುಳಿಗೆ ಸೇರಿಸಿ ಬಲಗೈ ಚಾಚಿದ. "ದಯವಿಟ್ಟು."

ಅವಳು ಹಲ್ಲಿನಿಂದ ಪಟ್ಟಿ ಕಿತ್ತು ಗವಸು ಬಿಚ್ಚಿದಳು. ಬಿಚ್ಚಿದ್ದನ್ನು ಎಡಗೈಯಲ್ಲಿ ಹಿಡಿದು, ಸೆಬೆ ಅನ್ನದೆ, ತಲೆ ಬಾಗಿಸದೆ, ನೇರ ಅವನ ಮುಖದ ಮುಂದೆ ಚಾಚಿದಳು.

ಬೊಬಿಯೆಯ ಕೈ ಬೆಂಕಿ ತಾಗಿದ ಹಾಗೆ ಹಿಂದೆ ಸರಿಯಿತು. ಅವನಿಗೇ ತಿಳಿಯದಂತೆ ಒಂದು ಹೆಜ್ಜೆಯೂ ಹಿಂದೆ ಬಿತ್ತು. ಸಾಲಿನಲ್ಲಿ ಯಾರೋ "ಏಯ್!" ಅಂದರು.

"ಯಾಕೋ? ತಗೋ!" ತಿವಾ ಮುಂದೆ ಬಂದಳು. "ಓದಿದವನು, ಡಾಕ್ಟರು, ನನ್ನ ಮಗನ ವಯಸ್ಸಿನವನು. ನೀನೇ ಹಿಂದೆ ಹೋದೆ. ನಾನು ಮಾತ್ರ ಇದೇ ಕೈನ ಆ ಬಿಳಿಕೂದಲಿನ ನಾನಾನ ಮುಖಕ್ಕೆ ಎತ್ತಬೇಕು. ಬೆಳಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಎತ್ತಲಿಲ್ಲ ಅಂದ್ರೆ ಮೆದುಳಿಲ್ಲ. ಎತ್ತಿದ್ರೆ ಮಾನ ಇಲ್ಲ. ಯಾವುದು ಬೇಕೋ ನಿಮಗೆ?"

"ಮಾಮೆ, ಅದು... ಅದು ಚಿತ್ರ."

"ಚಿತ್ರಕ್ಕೆ ಕೆಂಟೆ ಹೊದಿಸಿದ ಕತ್ತೆ ಯಾರು?"

ಬೊಬಿಯೆ ಪೆಟ್ಟಿಗೆಯ ಒಳಗೆ ನೋಡಿದ. ಅಲ್ಲಿ ಏನೂ ಇರಲಿಲ್ಲ. "ಅವರು ಕೋಟು ಹಾಕಿದ ಬಿಳಿ ಡಾಕ್ಟರನ್ನ ಇಟ್ಟಿದ್ರು" ಅಂದ ಕೊನೆಗೆ. "ನಮ್ಮ ಜನಕ್ಕೆ ನಮ್ಮ ಹಿರಿಯರಾದ್ರೆ ಗೌರವ ಇರುತ್ತೆ ಅಂತ ನಾನೇ ಹೇಳಿದ್ದು."

ಗ್ಯಾರೇಜು ಸಾಲಿಗೆ ಸಾಲೇ ನಕ್ಕಿತು. ನಗದವಳು ತಿವಾ ಒಬ್ಬಳೇ. "ಗೌರವ ಇತ್ತಲ್ಲೋ! ಇದ್ದದ್ದಕ್ಕೇ ಕೈ ಏಳಲಿಲ್ಲ. ನಿನ್ನ ಹಲಗೆಗೆ ಕಾಣದೇ ಇದ್ದದ್ದು ಅದೊಂದೇ!"

ಬೊಬಿಯೆ ರಸ್ತೆ ಬದಿಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಒಂದು ಸಲ ಜೋರಾಗಿ ಕೂಗಾಡಿದ್ದೂ ಕೇಳಿಸಿತು. ಖಾಲಿ ಪೆಟ್ಟಿಗೆಯೊಂದಿಗೇ ವಾಪಸ್ಸು ಹೋದ. ಮುಂದಿನ ವಾರ ಹಲಗೆ ಬೆಳಗಿದಾಗ ಅದರಲ್ಲಿ ಮುದುಕ ಇರಲಿಲ್ಲ. ಗಡ್ಡದ ಮೇಕೆಯೊಂದು ನಿಂತಿತ್ತು.

ಮೇಕೆಗೆ ಎಡಗೈ ತೋರಿಸಲು ತಿವಾಳಿಗೆ ಏನು ಅಡ್ಡಿ? ಭುಜ ನೋಯುವವರೆಗೆ ತೋರಿಸಿದಳು. ಸೊಪ್ಪು ಕದ್ದ ಮೇಕೆಯನ್ನು ಅಟ್ಟುವ ಹಾಗೆ ಬೈಯುತ್ತಾ ತೋರಿಸಿದಳು. ಗವಸು ಗುಂಯ್‌ಗುಟ್ಟಿತು, ಬಲಗೈ ಬಿಚ್ಚಿತು, ಮುದುಡಿತು, ಮತ್ತೆ ಬಿಚ್ಚಿತು. "ಅದ್ಭುತ!" ಎಂದಿತು ಮೇಕೆ. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಅವತ್ತು ಮೆದುಳಿಲ್ಲದವಳು ಇವತ್ತು ಜಾಣೆಯಾದಳು, ನಡುವೆ ಬದಲಾದದ್ದು ಒಂದು ಗಡ್ಡ. ಆ ಮೇಲಿನವರು ಯಾರೂ ಬಂದು ಒಂದು ಸೆಬೆ ಹೇಳಲಿಲ್ಲ. ಅದನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ.

ಮಳೆ ಶುರುವಾಗುವ ಮುಂಚೆ, ಒಂದು ಬೆಳಗ್ಗೆ, ಅವಳು ಮಗಳನ್ನು ಭುಜದಿಂದ ನೂಕಿ ಪಾತ್ರೆಯ ಮುಂದೆ ನಿಂತಳು. ಗವಸು ಇರಲಿಲ್ಲ. ಬಲಗೈಯ ಬೆರಳುಗಳು ಅರ್ಧ ತಾವಾಗಿಯೇ ಬಿಚ್ಚಿಕೊಂಡವು, ಉಳಿದರ್ಧವನ್ನು ಎಡಗೈಯಿಂದ ಬಿಡಿಸಿ ಸೌಟಿನ ಹಿಡಿ ಒಳಗಿಟ್ಟಳು. ಸಾಲಿನಲ್ಲಿ ನಾನಾ ಪ್ರೆಕೊ ಇದ್ದರು. ಅವರ ಹಿಂದೆ, ಮೇಕೆಯ ಪಾಠ ಎಲ್ಲಿಗೆ ಬಂತೆಂದು ನೋಡಲು ಬಂದ ಬೊಬಿಯೆ.

"ನಾನಾ, ಹೊಟ್ಟೆ ಹೇಗಿದೆ ಇವತ್ತು?" ತಿವಾ ಕೇಳಿದಳು.

ಮುದುಕರು ಅವಳ ಮುಖ ನೋಡಿದರು, ಕೈ ನೋಡಿದರು. ಎಲೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. "ಹಸಿದಿದೆ ಕಣಮ್ಮಾ."

ಅಂದು ಸರಿಯಿಲ್ಲದ ಆ ಹೊಟ್ಟೆಯ ನೆನಪೇ ಅವಳ ಸಿಟ್ಟಿಗೆ ಸಾಕಾಯಿತು. ಮುಷ್ಟಿ ಸೌಟನ್ನು ಕಚ್ಚಿ ಹಿಡಿಯಿತು. ಸೌಟು ನಡುಗುತ್ತಾ ಎದ್ದಿತು, ಕಾಲುಭಾಗ ಅನ್ನ ಮೇಜಿನ ಮೇಲೆ, ಒಂದಿಷ್ಟು ನಾನಾ ಪ್ರೆಕೊ ಅವರ ತೋಳಿನ ಮೇಲೆ, ಉಳಿದದ್ದು ಎಲೆಯ ಮೇಲೆ ಬಿತ್ತು. ಅವರು ತೋಳಿನ ಮೇಲಿದ್ದದ್ದನ್ನು ಬಾಯಿಗೆ ಹಾಕಿಕೊಂಡರು.

ಇನ್ನು ಗೊಜ್ಜು ಬಡಿಸಬೇಕು. ಸೌಟು ಕೆಳಗಿಡಬೇಕು. ಬೆರಳು ಬಿಚ್ಚಲಿಲ್ಲ. ತಿವಾ ಕೈ ಕೊಡವಿದಳು; ಬಿಚ್ಚಲಿಲ್ಲ. ದುಫಿಯೆ ಬಿಡಿಸಲು ಓಡಿ ಬಂದಳು.

"ಮುಟ್ಟಿದ್ರೆ ನೋಡು! ಗೊಜ್ಜು ನೀನು ಹಾಕು."

"ಹಿಡಿಯೋದು ಬಂತು ಮಾಮೆ" ಅಂದ ಬೊಬಿಯೆ ಸಾಲಿನಿಂದ. "ಬಿಡೋದು ಕಷ್ಟದ ಪಾಠ. ಸ್ವಲ್ಪ ಸಿಟ್ಟು ಇಳಿಸಿದ್ರೆ ತಾನಾಗೇ ಬಿಡುತ್ತೆ."

"ಇಳಿಸಲ್ಲ" ಅಂದಳು ತಿವಾ. ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದಳು. "ಬಾರೋ ಮುಂದೆ, ಕೆಂಟೆ ಡಾಕ್ಟರೇ. ಎಲೆ ನೆಟ್ಟಗೆ ಹಿಡಿ."

ಬೊಬಿಯೆ ತಲೆ ತಗ್ಗಿಸಿ ಎಲೆ ಹಿಡಿದ.